ವಾದಿ ಸಾಕ್ಷಿ ಎರಡು

ಬೆಳಿಗ್ಗೆ ಆರಕ್ಕೆ ನನ್ನ ಬೆರಳು ನನ್ನವಲ್ಲ.
ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಹರಿಯುತ್ತೇನೆ,
ಕುಕ್ಕರಿನ ಮುಚ್ಚಳಕ್ಕೆ ಮೊಣಕೈ ಕೊಡುತ್ತೇನೆ.
ಉಂಗುರವನ್ನು ಗಾಂಧಿಬಜಾರಿನ ಅಕ್ಕಸಾಲಿ
ಕತ್ತರಿಸಿಯೇ ತೆಗೆದ.
ಎಂಟೂವರೆಗೆ ಒಂದೊಂದಾಗಿ ವಾಪಸು ಬರುತ್ತವೆ,
ರಜೆ ಮುಗಿಸಿದ ಗುಮಾಸ್ತರ ಹಾಗೆ, ಮುಖ ಊದಿಸಿಕೊಂಡು.

ಇಪ್ಪತ್ತೊಂದು ವರ್ಷದಿಂದ ಶಿವಮೊಗ್ಗದ ಕೋರ್ಟಿನಲ್ಲಿ
ಬೇರೆಯವರ ಮಾತು ಈ ಬೆರಳುಗಳಿಂದ ಇಳಿದಿದೆ:
ಬೇಲಿ ಸರಿಸಿದವರು, ಸಹಿ ಅಲ್ಲಗಳೆದವರು,
'ನಾನು ಅಲ್ಲಿರಲಿಲ್ಲ ಸ್ವಾಮಿ' ಎಂದವರು,
ಇದ್ದೆ ಎಂದು ಮರುದಿನ ಅತ್ತವರು.
ಯಾರನ್ನೂ ನಂಬುವುದು ನನ್ನ ಕೆಲಸವಲ್ಲ.
ಹೇಳಿದ್ದನ್ನು ಹೇಳಿದ ಹಾಗೆ ಕುಟ್ಟುವುದು.

ಸಂಕ್ರಾಂತಿ ಕಳೆದಮೇಲೆ, 'ಸದರಿ' ಎಂಬ ಪದ ಬಂದಾಗಲೆಲ್ಲ
ತೋರುಬೆರಳಿನ ಬುಡದಲ್ಲಿ ಯಾರೋ ಮೊಳೆ ತಿರುಪಿದರು.
ನಮ್ಮ ಕಾಗದಗಳಲ್ಲಿ ಸದರಿಯಿಲ್ಲದ ಸಾಲಿಲ್ಲ.

ಮೊದಲ ಸಲ ರಕ್ತ ಕೊಟ್ಟಾಗ ಆರ್.ಎಫ್. ನೆಗೆಟಿವ್.
ಹಾಳೆಯನ್ನು ಮನೆಯಲ್ಲಿ ಎಲ್ಲರೂ ಓದಿದರು.
ನಾದಿನಿ ಗೌರಾಂಬಿಕೆ ಎರಡು ಸಲ ಓದಿ
'ಏನೂ ಇಲ್ವಲ್ಲ ಅತ್ತಿಗೆ, ವಾಯು ಇರಬೇಕು,
ಆಲೂಗಡ್ಡೆ ಬಿಡಿ' ಅಂದಳು.
ನನ್ನವರು ಕನ್ನಡಕ ಮಡಿಚಿ ಒಳಗಿಟ್ಟರು, ಅಷ್ಟೆ.
ಅವತ್ತು ಗೊತ್ತಾಯಿತು
ಸಾಕ್ಷಿ ತಿರುಗಿಬಿದ್ದರೆ ಫಿರ್ಯಾದಿಗೆ ಹೇಗಾಗುತ್ತದೆಂದು.
ಎಷ್ಟು ಸಲ ಟೈಪು ಮಾಡಿದ್ದೆ ಆ ಸಾಲನ್ನು:
'ಸದರಿ ಸಾಕ್ಷಿಯನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲಾಗಿದೆ.'
ಆಮೇಲೆ ಚಹಾಕ್ಕೆ ಎದ್ದು ಹೋಗಿದ್ದೆ.

ದುರ್ಗಿಗುಡಿಯ ಮಹಡಿ ಮೇಲಿನ ಲ್ಯಾಬಿನಲ್ಲಿ
ನಿಶ್ಚಲ ಎಂಬ ಹುಡುಗ, ಮೀಸೆ ಇನ್ನೂ ಇತ್ಯರ್ಥವಾಗಿಲ್ಲ,
'ಮುಷ್ಟಿ ಹಿಡೀರಿ ಮೇಡಂ' ಅಂದ.
ಹಿಡಿಯಲಾಗಲಿಲ್ಲ.
'ಬೇಡ ಬಿಡಿ, ನರ ಕಾಣ್ತಿದೆ' ಅಂತ ಸುಳ್ಳು ಹೇಳಿದ.
ಮೂರನೇ ಚುಚ್ಚಿಗೆ ಸಿಕ್ಕಿತು.
ಕೊಳವೆಯ ಚೀಟಿಯಲ್ಲಿ ಜಾಗ ಸಾಲದೆ
ಸರ್ವಮಂಗಳದ ಸರ್ವ ಬಿಟ್ಟು ಮಂಗಳ ಅಂತ ಬರೆದ.
ತಿದ್ದಿಸಲಿಲ್ಲ. ಹಾಡಿಯಾಯಿತಲ್ಲ, ಎಂದುಕೊಂಡೆ.

ನಾಲ್ಕು ದಿನ.
ನಾನು ನೋಡದ ಯಾವುದೋ ಊರಿಗೆ
ಐಸಿನ ಪೆಟ್ಟಿಗೆಯಲ್ಲಿ ಕೂತು ನನ್ನ ರಕ್ತ ಹೋಗಿ ಬಂತು.

ಆಂಟಿ ಸಿ.ಸಿ.ಪಿ.: ಇನ್ನೂರಕ್ಕೂ ಮೇಲೆ.
ಆ ಯಂತ್ರಕ್ಕೆ ಅಲ್ಲಿಂದಾಚೆ ಎಣಿಕೆ ಬಾರದಂತೆ.

ಡಾಕ್ಟರ್ ಇಫ್ಫತ್ ಚೀಟಿಯ ಬೆನ್ನಿಗೆ ಗೀಚಿ ತೋರಿಸಿದರು:
ಮೈಯದೇ ಪ್ರೋಟೀನಿನಲ್ಲಿ ಒಂದಕ್ಷರ ಬದಲಾಗುತ್ತದೆ,
ಕಾವಲಿನವರು ಅದನ್ನು ಹೊರಗಿನದೆಂದು ಹಿಡಿಯುತ್ತಾರೆ,
ಅದರ ಮೇಲೆ ಪ್ರತಿಕಾಯ ಹುಟ್ಟುತ್ತದೆ.
ನನಗೆ ಬೇಗ ಅರ್ಥವಾಯಿತು.
ಕೊಂಬೊಂದು ತಪ್ಪಿ ದುಗ್ಗಪ್ಪ ದಗ್ಗಪ್ಪನಾಗಿ
ತನ್ನದೇ ಗದ್ದೆಗೆ ಅನ್ಯನಾಗಿ ನಿಂತದ್ದನ್ನು ನೋಡಿದ್ದೇನೆ.
ಆ ಕೊಂಬು ತಪ್ಪಿಸಿದ್ದು ನಾನೇ ಇರಬಹುದು.

'ಆ ಬದಲಾದ ಅಕ್ಷರ ಸಿಟ್ರುಲಿನ್,
ಮೊದಲು ಸಿಕ್ಕಿದ್ದು ಕಲ್ಲಂಗಡಿಯಲ್ಲಿ' ಅಂದು ನಕ್ಕರು.
ಮತ್ತೆ, ನಗದೆ:
'ನೋವಿಗಿಂತ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಇದ್ದಿರಬಹುದು.'
ಅಂದರೆ ದಾವೆ ಯಾವತ್ತೋ ದಾಖಲಾಗಿದೆ,
ಸಮನ್ಸು ಈಗ ಬಂದಿದೆ.
ವಾದಿಯೂ ನಾನೇ. ಪ್ರತಿವಾದಿಯೂ.
ರಾಜಿ ಮಾಡಿಸಲು ಹಳದಿ ಗುಳಿಗೆ,
ವಾರಕ್ಕೊಮ್ಮೆ, ಸೋಮವಾರ ಮಾತ್ರ.

ನಾಚಿಕೆ ಬಿಟ್ಟು ಹೇಳುತ್ತೇನೆ, ಬರೆದುಕೊಳ್ಳಿ:
ಆ ಇನ್ನೂರನ್ನು ನೋಡಿ ನನಗೆ ಸಂತೋಷವಾಯಿತು.
ರ್‍ಯಾಂಕು ಬಂದವಳ ಹಾಗೆ
ಮೆಟ್ಟಿಲಿಳಿಯುತ್ತ ತೆಗೆತೆಗೆದು ನೋಡಿದೆ.
ಹತ್ತು ಜೆರಾಕ್ಸು ಮಾಡಿಸಬೇಕು, ಮೊಹರು ಒತ್ತಬೇಕು,
ಗೌರಾಂಬಿಕೆಗೊಂದು ದೃಢೀಕೃತ ಪ್ರತಿ...
ಅಷ್ಟರಲ್ಲಿ ಮಂಡಿ ಕುಸಿಯಿತು. ಕಂಬಿ ಹಿಡಿದು
ಕಟಕಟೆಯವರ ಹಾಗೆ ಬಹಳ ಹೊತ್ತು ನಿಂತೆ.
ಯಾರೂ ಏನೂ ಕೇಳಲಿಲ್ಲ.

ಹೊರಗೆ ಏಪ್ರಿಲ್ಲಿನ ಬಿಸಿಲು.
ತುಂಗೆಯ ಸೇತುವೆ ಹತ್ತಿರ ಕಲ್ಲಂಗಡಿಯ ರಾಶಿ,
ಮೇಲೊಂದನ್ನು ಕುಯ್ದು ಬಾಯಿ ತೆರೆಸಿಟ್ಟಿದ್ದ.
ಚೀಲದೊಳಗೆ ಮಡಿಸಿಟ್ಟ ಆ ಒಂದಕ್ಷರ
ಇಲ್ಲಿ ರಸ್ತೆ ಬದಿಗೆ ಗುಡ್ಡೆ ಬಿದ್ದಿದೆ.
'ನನ್ನ ಕೈಲಿ ಕುಯ್ಯೋಕಾಗಲ್ಲ' ಅಂದೆ,
'ಹೆಚ್ಚೇ ಕೊಡಿ.'
ಅವನು ಹಾಳೆ ಕೇಳಲಿಲ್ಲ.
ಉಪ್ಪು ಹಾಕಲಾ, ಅಂದ.